ನಂಬಿಕೆ ಹೋದ ಮೇಲೂ ಪೂಜೆ ಮಾಡ್ತಿದ್ದೀನಿ, ಇದು ಬೂಟಾಟಿಕೆನಾ?

ಪ್ರಶ್ನೆ: ನನಗೆ 48 ವರ್ಷ. ಹಾವೇರಿ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ನಮ್ಮದು ಲಿಂಗಾಯತ ಮನೆತನ. ಮದುವೆಯಾಗಿ ಬಂದಾಗಿನಿಂದ ಇಷ್ಟಲಿಂಗ ಪೂಜೆ ಬಿಟ್ಟವಳಲ್ಲ. ಶ್ರಾವಣ ಸೋಮವಾರದ ಉಪವಾಸ, ಉಳವಿ ಜಾತ್ರೆ ಎಲ್ಲಾ ನಡೆಸಿಕೊಂಡು ಬಂದೆ. 2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ ನಮ್ಮ ಯಜಮಾನರು ತೀರಿಕೊಂಡರು. ಅವರು ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನ ನಾನು ಲಿಂಗ ಹಿಡಿದುಕೊಂಡು ಕೂತಿದ್ದೆ. ಕೊನೆಗೆ ಮುಖ ನೋಡೋಕೂ ಸಿಗಲಿಲ್ಲ. ಅಲ್ಲಿಗೆ ನನ್ನ ನಂಬಿಕೆ ಮುಗಿಯಿತು. ಆದರೂ ದಿನಾ ಬೆಳಿಗ್ಗೆ ಪೂಜೆಗೆ ಕೂರುತ್ತೇನೆ. ಅತ್ತೆಗೆ 79 ವರ್ಷ, ಕೈ ನಡುಗುತ್ತೆ. ಅವರ ಅಂಗೈ ಹಿಡಿದು, ಲಿಂಗ ಇಟ್ಟು, ನೀರು ಹಾಕಿ, ವಿಭೂತಿ ಹಚ್ಚಿಸುವವಳು ನಾನೇ. ಭಾನುವಾರ ನಾಲ್ಕೈದು ಹೆಂಗಸರು ಸೇರಿ ರೊಟ್ಟಿ, ಪಲ್ಯ, ಅನ್ನ, ಸಾರು ಮಾಡಿಕೊಂಡು ಹೋಗಿ ಸರ್ಕಾರಿ ಆಸ್ಪತ್ರೆ ಮುಂದೆ ರೋಗಿಗಳ ಕಡೆಯವರಿಗೆ ಬಡಿಸುತ್ತೇವೆ. ಇದೆಲ್ಲಾ ಮಾಡುವಾಗ ನನ್ನೊಳಗೆ ದೇವರು ಅನ್ನೋದು ಏನೂ ಇರುವುದಿಲ್ಲ. ಧಾರವಾಡದ ಅಕ್ಕ ಹೇಳುತ್ತಾಳೆ, 'ನಂಬಿಕೆ ಇಲ್ಲದೆ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಗೀತೆಯಲ್ಲೇ ಹೇಳಿದೆ' ಅಂತ. ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗಳು, 'ಕಾಯಕವೇ ಕೈಲಾಸ ಅಂತ ಬಸವಣ್ಣನೇ ಹೇಳಿಲ್ವಾ? ಊಟ ಹಾಕೋದು ಸಾಕು, ಪೂಜೆ ಬಿಡು, ಅದು ಬೂಟಾಟಿಕೆ' ಅಂತಾಳೆ. ಯಾರ ಮಾತು ಸರಿ? ನಾನು ಮಾಡುತ್ತಿರುವುದಕ್ಕೆ ಏನಾದರೂ ಬೆಲೆ ಇದೆಯಾ, ಇಲ್ಲಾ ಸುಮ್ನೆ ನಾಟಕನಾ? ಇದರ ಕೆಟ್ಟದ್ದು ಮಗಳ ಮೇಲೆ ಬರುತ್ತಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ನಿದ್ದೆ ಕೆಡಿಸುತ್ತಿರುವುದು ಅದೇ ಅಂತ ಕಾಣುತ್ತದೆ. ಇಲ್ಲ, ನಿಮ್ಮ ಮಗಳಿಗೆ ಇದರಿಂದ ಏನೂ ಆಗುವುದಿಲ್ಲ. 2021ರ ಆ ಎರಡು ತಿಂಗಳಲ್ಲಿ ನಂಬಿದವರೂ ಹೋದರು, ನಂಬದವರೂ ಹೋದರು. ವೈರಸ್ ಇತ್ತು, ಹಾಸಿಗೆ ಸಿಗುತ್ತಿರಲಿಲ್ಲ, ಆಮ್ಲಜನಕ ಸಾಲುತ್ತಿರಲಿಲ್ಲ. ನಿಮ್ಮ ಪೂಜೆಯಲ್ಲಿ ಏನೋ ಕಡಿಮೆ ಬಿತ್ತು ಅಂತ ನಿಮ್ಮ ಯಜಮಾನರು ಹೋಗಲಿಲ್ಲ. ಹಾಗಿರುವಾಗ ಇವತ್ತು ಮನಸ್ಸಲ್ಲಿ ನಂಬಿಕೆ ಇಲ್ಲ ಅಂತ ಮಗಳಿಗೆ ಕೇಡು ಬರುವುದೂ ಇಲ್ಲ. ಒಬ್ಬರನ್ನು ಕಳೆದುಕೊಂಡ ಮನೆಯಲ್ಲಿ ಉಳಿದವರ ಬಗ್ಗೆ ಇಂಥ ಭಯ ಬರುವುದು ತುಂಬಾ ಸಹಜ. ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡುತ್ತಿದ್ದ ನಾನು ಈಗ ಸಾವು ಕಂಡ ಮನೆಯವರ ಜೊತೆ ಆಪ್ತಸಮಾಲೋಚಕನಾಗಿ ಕೂರುತ್ತೇನೆ. ಈ ಭಯವನ್ನು ಹೇಳಿಕೊಳ್ಳದವರನ್ನು ನೋಡಿದ್ದು ಕಡಿಮೆ. ದೇವರನ್ನು ನಂಬುವುದಿಲ್ಲ ಅನ್ನುವವರಿಗೂ ದೇವರ ಸಿಟ್ಟಿನ ಭಯ ಮಾತ್ರ ಉಳಿದಿರುತ್ತದೆ. ನಂಬಿಕೆ ಹೋದಷ್ಟು ಬೇಗ ಭಯ ಹೋಗುವುದಿಲ್ಲ.

ಇನ್ನು ದೊಡ್ಡ ಪ್ರಶ್ನೆ. ನಂಬಿಕೆ ಮುಖ್ಯವೋ, ನಡೆ ಮುಖ್ಯವೋ? ನಿಮ್ಮ ಅಕ್ಕ ಒಂದು ತುದಿ ಹಿಡಿದಿದ್ದಾರೆ, ಮಗಳು ಇನ್ನೊಂದು. ಇಬ್ಬರೂ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಉಳಿದ ಅರ್ಧವನ್ನು ಅವರು ಓದಿಲ್ಲ, ಅಷ್ಟೇ.

ಅಕ್ಕ ಹೇಳಿದ ಮಾತು ಗೀತೆಯಲ್ಲಿ ಇರುವುದು ನಿಜ. 17ನೇ ಅಧ್ಯಾಯದ ಕೊನೆಯ ಶ್ಲೋಕ. ಶ್ರದ್ಧೆ ಇಲ್ಲದೆ ಮಾಡಿದ ಹೋಮ, ಕೊಟ್ಟ ದಾನ, ಮಾಡಿದ ತಪಸ್ಸು ಇಲ್ಲಿಯೂ ಫಲವಿಲ್ಲ, ಸತ್ತ ಮೇಲೂ ಇಲ್ಲ ಅಂತ ಅಲ್ಲಿದೆ. ಆದರೆ ಅದೇ ಗೀತೆಯ 12ನೇ ಅಧ್ಯಾಯವನ್ನು ಅಕ್ಕನ ಜೊತೆ ಕೂತು ಓದಿ. ಅಲ್ಲಿ ಕೃಷ್ಣ ಮೊದಲು ಹೇಳುವುದು, ಮನಸ್ಸನ್ನು ನನ್ನಲ್ಲೇ ಇಡು ಅಂತ. ಅದು ಆಗದಿದ್ದರೆ ಅಭ್ಯಾಸ ಮಾಡು. ಅಭ್ಯಾಸವೂ ಆಗದಿದ್ದರೆ ನನಗಾಗಿ ಕೆಲಸ ಮಾಡು. ಅದೂ ಆಗದಿದ್ದರೆ ಮಾಡುವ ಕೆಲಸದ ಫಲದ ಆಸೆ ಬಿಡು, ಸಾಕು. ಅಲ್ಲಿಗೇ ನಿಲ್ಲುವುದಿಲ್ಲ. ಫಲ ಬಿಟ್ಟವನಿಗೆ ಶಾಂತಿ ಸಿಗುತ್ತದೆ ಅಂತ ಆ ಕೊನೆಯ ಮೆಟ್ಟಿಲನ್ನು ಹೊಗಳುತ್ತಾನೆ. ಮನಸ್ಸು ನಿಲ್ಲದವರು ಇರುತ್ತಾರೆ, ಅವರನ್ನು ಹೊರಗೆ ಹಾಕಬಾರದು ಅನ್ನುವ ಕಾಳಜಿ ಆ ನಾಲ್ಕೈದು ಶ್ಲೋಕಗಳಲ್ಲಿ ಎದ್ದು ಕಾಣುತ್ತದೆ. 17ನೇ ಅಧ್ಯಾಯವನ್ನು ಮಾತ್ರ ಹಿಡಿದು ನಿಮ್ಮನ್ನು ಅಳೆಯುವುದು ಗೀತೆಗೂ ನ್ಯಾಯವಲ್ಲ.

ಮಗಳ ಮಾತಿಗೆ ಬರೋಣ. ಮೊದಲನೆಯದಾಗಿ, 'ಕಾಯಕವೇ ಕೈಲಾಸ' ಅನ್ನುವ ಮಾತು ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಬಸವಣ್ಣನ ಹೆಸರಲ್ಲಿ ಎಲ್ಲಾ ಕಡೆ ಬರೆಯುತ್ತಾರೆ, ಬಸ್ಸಿನ ಹಿಂದೆಯೂ ಕಾಣುತ್ತದೆ. ಮಾರಯ್ಯನ ಮಾತು ಬಹಳ ಖಾರವಾಗಿದೆ. ಕಾಯಕದಲ್ಲಿ ಮುಳುಗಿದ್ದಾಗ ಗುರುದರ್ಶನವನ್ನೂ ಮರೆಯಬೇಕು, 'ಲಿಂಗಪೂಜೆಯಾದಡೂ ಮರೆಯಬೇಕು' ಅಂತಾನೆ. ಇಷ್ಟು ಓದಿದರೆ ನಿಮ್ಮ ಮಗಳೇ ಗೆದ್ದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಆ ಮನೆಯಲ್ಲಿ ಇನ್ನೊಬ್ಬರಿದ್ದರು.

ಮಾರಯ್ಯ ಮತ್ತು ಅವನ ಹೆಂಡತಿ ಲಕ್ಕಮ್ಮ 12ನೇ ಶತಮಾನದ ಕಲ್ಯಾಣದಲ್ಲಿ ಇದ್ದವರು. ಶರಣರ ಅಂಗಳದಲ್ಲಿ ಬಿದ್ದ ಅಕ್ಕಿಕಾಳು ಆಯ್ದು ತರುವುದು ಮಾರಯ್ಯನ ಕಾಯಕ. ಅದರಲ್ಲೇ ಅಡುಗೆ, ಅದರಲ್ಲೇ ದಾಸೋಹ. ಒಂದು ದಿನ ಅವನು ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಕದ್ದದ್ದಲ್ಲ. ದಿನಾ ಮಾಡುವ ಕೆಲಸವೇ, ಅದೇ ಅಂಗಳ, ಅದೇ ಅಕ್ಕಿ. ತಂದದ್ದು ದಾಸೋಹಕ್ಕೇ. ಲಕ್ಕಮ್ಮ ಮೊರದ ಕಡೆ ನೋಡಿದವಳೇ, ಇದು ನಮ್ಮದಲ್ಲ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಅಂದಳು. 'ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ' ಅನ್ನುವ ಅವಳ ವಚನ ಇವತ್ತಿಗೂ ನಮ್ಮ ಬಾಯಲ್ಲಿದೆ.

ಈ ಪ್ರಸಂಗದಲ್ಲಿ ಸ್ವಲ್ಪ ನಿಲ್ಲಬೇಕು. ಲಕ್ಕಮ್ಮ ಗಂಡನನ್ನು 'ನಿಮಗೆ ದೇವರಲ್ಲಿ ನಂಬಿಕೆ ಇದೆಯಾ' ಅಂತ ಕೇಳಲಿಲ್ಲ. ಅವನ ಕೆಲಸದಲ್ಲೂ ತಪ್ಪು ಹುಡುಕಲಿಲ್ಲ. ಈ ಹೆಚ್ಚಿನ ಅಕ್ಕಿಯ ಹಿಂದೆ ಏನಿದೆ, ಯಾವುದು ನಿಮ್ಮ ಕೈಯನ್ನು ಅಷ್ಟು ದೂರ ಚಾಚಿಸಿತು ಅಂತ ಕೇಳಿದಳು. ಅವಳೇ ಇನ್ನೊಂದು ಕಡೆ ಚಿತ್ತಶುದ್ಧದಲ್ಲಿ ಕಾಯಕ ಮಾಡಬೇಕು ಅನ್ನುತ್ತಾಳೆ. ಅಂದರೆ ಕೆಲಸ ಒಂದೇ ಸಾಲದು, ಒಳಗಿನದ್ದೂ ಬೇಕು. ಆದರೆ ಆ ಒಳಗಿನದ್ದು ಯಾವುದು? ನಿಮ್ಮ ಅಕ್ಕ ಅದನ್ನು ನಂಬಿಕೆ ಅಂದುಕೊಂಡಿದ್ದಾರೆ. ಲಕ್ಕಮ್ಮ ನೋಡಿದ್ದು ಉದ್ದೇಶವನ್ನು. ಯಾಕೆ ಮಾಡುತ್ತಿದ್ದೀಯ, ಯಾರಿಗಾಗಿ ಮಾಡುತ್ತಿದ್ದೀಯ ಅನ್ನುವುದನ್ನು.

ಇದೇ ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು. ನಂಬಿಕೆ, ನಡೆ ಅಂತ ಎರಡೇ ಇಟ್ಟುಕೊಂಡರೆ ಜಗಳ ಬಗೆಹರಿಯುವುದಿಲ್ಲ. ನಡುವೆ ಉದ್ದೇಶ ಅನ್ನುವುದೊಂದಿದೆ. ದೇವರಿದ್ದಾನೆ ಅನ್ನುವುದು ಒಂದು ಅಭಿಪ್ರಾಯ. ಅದು ಬರುತ್ತದೆ, ಹೋಗುತ್ತದೆ. ನಮ್ಮ ಕೈಯಲ್ಲಿ ಅದು ಪೂರ್ತಿ ಇರುವುದಿಲ್ಲ. ನಾಳೆಯಿಂದ ನಂಬಿ ಅಂತ ನಾನು ಹೇಳಿದರೆ ನೀವು ನಂಬಲು ಆಗುತ್ತದಾ? ಆಗುವುದಿಲ್ಲ. ಆದರೆ ನಾಳೆ ರೊಟ್ಟಿ ಬಡಿಯುವಾಗ ಯಾರ ಹಸಿವು ನೆನೆದು ಬಡಿಯುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿದೆ.

ಇದು ಶರಣರೊಬ್ಬರ ಮಾತಷ್ಟೇ ಅಲ್ಲ. ಬುದ್ಧ ತನ್ನ ಭಿಕ್ಷುಗಳಿಗೆ, ಉದ್ದೇಶವನ್ನೇ ನಾನು ಕರ್ಮ ಎನ್ನುತ್ತೇನೆ ಅಂತ ಹೇಳಿದ್ದಾನೆ. ಪ್ರವಾದಿ ಮುಹಮ್ಮದರ ಮಾತುಗಳ ಬುಖಾರಿ ಸಂಗ್ರಹದಲ್ಲಿ ಮೊಟ್ಟಮೊದಲು ಬರುವುದೇ ಕೆಲಸಗಳ ಬೆಲೆ ಉದ್ದೇಶದ ಮೇಲೆ ನಿಂತಿದೆ ಅನ್ನುವ ಮಾತು. ಬೇರೆ ಬೇರೆ ದಾರಿಯಲ್ಲಿ ಹೋದವರು ಇದೊಂದು ಕಡೆ ಒಟ್ಟಾಗಿ ನಿಲ್ಲುತ್ತಾರೆ.

ನಂಬಿಕೆಯೇ ಮೊದಲು ಅನ್ನುವ ಧರ್ಮಗಳೂ ಇವೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕ್ರೈಸ್ತರಲ್ಲಿ 16ನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ನಂಬಿಕೆಯಿಂದ ಮಾತ್ರ ಬಿಡುಗಡೆ ಅಂದಾಗ ಯುರೋಪಿನ ಚರ್ಚೇ ಒಡೆಯಿತು. ಆದರೆ ಬೈಬಲ್ಲಿನಲ್ಲೇ ಯಾಕೋಬನ ಪತ್ರದಲ್ಲಿ ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅಂತಲೂ ಇದೆ. ಈ ಜಗಳದಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಒಂದು ಒಪ್ಪಂದದ ಹೇಳಿಕೆಗೆ ಸಹಿ ಹಾಕಿದ್ದು 1999ರಲ್ಲಿ. ಜೈನರಲ್ಲಿ ಸಮ್ಯಕ್ ದರ್ಶನ, ಅಂದರೆ ಸರಿಯಾದ ನಂಬಿಕೆ, ಮೊದಲು; ಜ್ಞಾನ ಮತ್ತು ಚಾರಿತ್ರ, ಅಂದರೆ ನಡತೆ, ಜೊತೆಗೆ. ಮೂರೂ ಸೇರಿದರೇ ದಾರಿ. ಆದರೆ ಜಗತ್ತನ್ನು ಸೃಷ್ಟಿ ಮಾಡಿದ ದೇವರೊಬ್ಬನಿದ್ದಾನೆ ಅನ್ನುವುದನ್ನು ಜೈನರು ಒಪ್ಪುವುದಿಲ್ಲ. ಇನ್ನೂ ಆಶ್ಚರ್ಯದ ಮಾತೆಂದರೆ ಯಜ್ಞಯಾಗಗಳ ಶಾಸ್ತ್ರವನ್ನೇ ಕಟ್ಟಿದ ಪೂರ್ವಮೀಮಾಂಸಕರದ್ದು. ಅವರಿಗೂ ಸೃಷ್ಟಿಕರ್ತ ದೇವರು ಬೇಕಿರಲಿಲ್ಲ. ವಿಧಿಯನ್ನು ಸರಿಯಾಗಿ ಮಾಡಿದರೆ ಫಲ ಅದರಿಂದಲೇ ಬರುತ್ತದೆ ಅನ್ನುತ್ತಿದ್ದರು. ಹಾಗಾಗಿ 'ದೇವರನ್ನು ನಂಬದೆ ಮಾಡಿದ್ದೆಲ್ಲಾ ವ್ಯರ್ಥ, ನಮ್ಮ ಹಿರಿಯರೆಲ್ಲಾ ಹೀಗೇ ಹೇಳಿದ್ದಾರೆ' ಅಂತ ಯಾರಾದರೂ ಅಂದರೆ ಅದು ನಿಜವಲ್ಲ. ನಮ್ಮ ಹಿರಿಯರು ಇದರ ಬಗ್ಗೆ ಬೇಕಾದಷ್ಟು ಜಗಳ ಆಡಿದ್ದಾರೆ.

ನಂಬಿಕೆ ಗಟ್ಟಿಯಾಗಿದ್ದರೆ ನಡೆ ಸರಿಯಾಗಿರುತ್ತದೆ ಅನ್ನುವುದೂ ಸುಳ್ಳು. ಉಂಡು ಬಿಟ್ಟ ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನವನ್ನು ನಮ್ಮ ರಾಜ್ಯದಲ್ಲಿ ಜನ ಪೂರ್ತಿ ನಂಬಿಕೆಯಿಂದಲೇ ಮಾಡುತ್ತಿದ್ದರು. ಚರ್ಮರೋಗ ವಾಸಿಯಾಗುತ್ತದೆ ಅನ್ನುವ ನಂಬಿಕೆ. ಅದರಲ್ಲಿ ಮನುಷ್ಯನಿಗೆ ಆಗುತ್ತಿದ್ದ ಅವಮಾನವನ್ನು ಆ ನಂಬಿಕೆ ಅಳಿಸಲಿಲ್ಲ. ಕೊನೆಗೆ 2017ರ ಮೌಢ್ಯ ನಿಷೇಧ ಕಾನೂನು ಬರಬೇಕಾಯಿತು.

ಈಗ ನಿಮ್ಮ ಒಳಗೆ ಏನು ನಡೆದಿದೆ ಅನ್ನುವುದಕ್ಕೆ ಬರೋಣ. ನಿಮ್ಮ ಪತ್ರದಲ್ಲಿ 'ನನ್ನ ನಂಬಿಕೆ ಮುಗಿಯಿತು' ಅಂತ ಇದೆ. ನನ್ನ ಅನುಭವದಲ್ಲಿ ಸಾವಿನ ಹೊಡೆತಕ್ಕೆ ಮುರಿಯುವುದು ಸಾಮಾನ್ಯವಾಗಿ ಒಂದು ನಿರ್ದಿಷ್ಟ ನಂಬಿಕೆ. ನಾನು ನನ್ನ ಪಾಲಿನದ್ದು ತಪ್ಪದೆ ಮಾಡುತ್ತೇನೆ, ನೀನು ನನ್ನವರನ್ನು ಕಾಪಾಡು ಅನ್ನುವ ನಂಬಿಕೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚಿಕ್ಕಂದಿನಿಂದ ಹರಕೆ, ವ್ರತ, ಉಪವಾಸಗಳ ನಡುವೆ ಬೆಳೆದ ನಮ್ಮಲ್ಲಿ ಅದು ತಾನಾಗಿ ಕೂತಿರುತ್ತದೆ. ಲಿಂಗ ಹಿಡಿದುಕೊಂಡು ಕೂತಿದ್ದೆ ಅಂದಿರಲ್ಲ, ಆ ದಿನಗಳಲ್ಲಿ ನೀವು ಆ ಮಾತಿಗೆ ಕಾಯುತ್ತಿದ್ದಿರಿ. ಮಾತು ಉಳಿಯಲಿಲ್ಲ. ಯಾರಿಗಾದರೂ ಸಿಟ್ಟು ಬರುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಆದರೆ ಲಿಂಗಪೂಜೆಯ ಹಿಂದೆ ಆ ಒಪ್ಪಂದ ಒಂದೇ ಇತ್ತು ಅಂತ ನನಗೆ ಅನ್ನಿಸುವುದಿಲ್ಲ. ಅಕ್ಕಮಹಾದೇವಿಯ ಒಂದು ವಚನವಿದೆ. 'ಅಯ್ಯಾ ನೀ ಕೇಳಿದಡೆ ಕೇಳು, ಕೇಳದಡೆ ಮಾಣು. ಆನು ನಿನ್ನ ಹಾಡಿದಲ್ಲದೆ ಸೈರಿಸಲಾರೆನಯ್ಯಾ.' ಕೇಳಿದರೆ ಕೇಳು, ಬಿಟ್ಟರೆ ಬಿಡು, ನನಗಂತೂ ಹಾಡದೆ ಇರೋಕಾಗಲ್ಲ ಅಂತಿದ್ದಾಳೆ. ದುಃಖದಲ್ಲಿರುವವರಿಗೆ ಇದನ್ನು ಉಪದೇಶವಾಗಿ ಹೇಳಬಾರದು, ನಾನೂ ಹಾಗೆ ಹೇಳುತ್ತಿಲ್ಲ. ಉತ್ತರ ಬರುತ್ತದೆ ಅನ್ನುವ ಭರವಸೆ ಇಲ್ಲದೆಯೂ ಪೂಜೆಗೆ ಕೂರುವ ಒಂದು ರೀತಿ ನಿಮ್ಮ ಮನೆಯ ಪರಂಪರೆಯಲ್ಲೇ ಇದೆ ಅಂತ ಹೇಳುತ್ತಿದ್ದೇನೆ. ಹಾಗೆ ಕೂತವರನ್ನು ಯಾರೂ ಬೂಟಾಟಿಕೆಯವರು ಅಂದಿಲ್ಲ.

ಬೂಟಾಟಿಕೆ ಅಂದರೆ ನಾಲ್ಕು ಜನರಿಗೆ ತೋರಿಸಿ ಏನಾದರೂ ಪಡೆಯುವುದು. ಹೆಸರು, ದುಡ್ಡು, ಮರ್ಯಾದೆ, ಏನೋ ಒಂದು. ಬೆಳಿಗ್ಗೆ ಆರು ಗಂಟೆಗೆ ನಿಮ್ಮ ಮನೆ ಜಗಲಿಯಲ್ಲಿ ನೀವು ಏನು ಪಡೆಯುತ್ತಿದ್ದೀರಿ?

ಮದರ್ ತೆರೇಸಾ ವಿಷಯ ಇಲ್ಲಿ ಹೇಳಲೇಬೇಕು. ಕೋಲ್ಕತ್ತಾದ ಕೊಳೆಗೇರಿಗಳಲ್ಲಿ ಅವರು ಕೆಲಸ ಶುರು ಮಾಡಿದ್ದು 1948ರಲ್ಲಿ, ತೀರಿಕೊಂಡದ್ದು 1997ರಲ್ಲಿ. ಸಾಯುತ್ತಿರುವವರನ್ನು ಎತ್ತಿಕೊಂಡು ಬಂದು ಮಲಗಿಸುವ ಈ ಹೆಂಗಸಿನ ಒಳಗೆ ದೇವರ ಬೆಳಕು ತುಂಬಿ ತುಳುಕುತ್ತಿರಬೇಕು ಅಂತ ಜಗತ್ತೆಲ್ಲಾ ಅಂದುಕೊಂಡಿತ್ತು. 2007ರಲ್ಲಿ ಅವರ ಖಾಸಗಿ ಪತ್ರಗಳು ಅಚ್ಚಾದವು. ತಮ್ಮ ಗುರುಗಳಿಗೆ ಬರೆದ ಪತ್ರಗಳು. ಸುಮಾರು ಐವತ್ತು ವರ್ಷ ಒಳಗೆ ಬರೀ ಕತ್ತಲೆ, ಪ್ರಾರ್ಥನೆಗೆ ಕೂತರೆ ಆ ಕಡೆ ಯಾರೂ ಇಲ್ಲ ಅನ್ನಿಸುತ್ತದೆ ಅಂತ ಮತ್ತೆ ಮತ್ತೆ ಬರೆದಿದ್ದರು. ಆ ಪತ್ರಗಳನ್ನು ಸುಟ್ಟುಬಿಡಿ ಅಂತ ಕೇಳಿಕೊಂಡಿದ್ದರು ಕೂಡ. ಚರ್ಚ್ ಅವುಗಳನ್ನು ಓದಿಯೂ 2016ರಲ್ಲಿ ಅವರನ್ನು ಸಂತರೆಂದು ಘೋಷಿಸಿತು. ಅವರ ಕೆಲಸದ ಬಗ್ಗೆ ಟೀಕೆಗಳಿವೆ, ಅದು ಬೇರೆ ಚರ್ಚೆ. ನಿಮಗೆ ಇದನ್ನು ಹೇಳುತ್ತಿರುವುದು ಒಂದೇ ಕಾರಣಕ್ಕೆ. ಒಳಗೆ ಏನೂ ಅನ್ನಿಸದೆ ಇರುವುದು, ಹೊರಗೆ ಕೈ ಕೆಲಸ ಮಾಡುತ್ತಲೇ ಇರುವುದು, ಇದು ನಿಮಗೊಬ್ಬರಿಗೇ ಬಂದದ್ದಲ್ಲ.

ನಿಮಗೆ ಆಗುತ್ತಿರುವ ಸುಸ್ತಿಗೂ ಒಂದು ಕಾರಣವಿದೆ. ನಾವು ಮಾಡುವುದಕ್ಕೂ ನಂಬುವುದಕ್ಕೂ ತಾಳೆಯಾಗದಿದ್ದರೆ ಮನಸ್ಸು ಎಳೆದಾಡುತ್ತದೆ, ಎರಡರಲ್ಲಿ ಒಂದನ್ನು ಬದಲಾಯಿಸಲು ನೋಡುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1957ರಲ್ಲೇ ಇದನ್ನು ವಿವರಿಸಿದರು. ಅಕ್ಕ 'ನಂಬಿಕೆ ಸರಿ ಮಾಡಿಕೋ' ಅನ್ನುವುದು, ಮಗಳು 'ಪೂಜೆ ಬಿಡು' ಅನ್ನುವುದು, ಎರಡೂ ಈ ಎಳೆದಾಟವನ್ನು ಬೇಗ ಮುಗಿಸುವ ದಾರಿಗಳೇ. ಇಬ್ಬರಿಗೂ ನಿಮ್ಮ ಮೇಲೆ ಪ್ರೀತಿ ಇದೆ, ಅದಕ್ಕೇ ಬೇಗ ಮುಗಿಯಲಿ ಅಂತಾರೆ. ಆದರೆ ನೀವು ಬೇಗ ಮುಗಿಸಲೇಬೇಕು ಅಂತೇನಿಲ್ಲ.

ಹಾಗಾದರೆ ಏನು ಮಾಡಬಹುದು? ಪೂಜೆ ಪೂರ್ತಿ ಬಿಡಬಹುದು. ಅದು ಪಾಪವಲ್ಲ. ಆದರೆ ಸಿಟ್ಟಿನಲ್ಲಿ ಒಂದೇ ದಿನಕ್ಕೆ ಬಿಟ್ಟವರು ಆಮೇಲೆ ಒದ್ದಾಡುವುದನ್ನು ನೋಡಿದ್ದೇನೆ. ಮಗನನ್ನು ಕಳೆದುಕೊಂಡ ಹಿರಿಯರೊಬ್ಬರು ದೇವರಮನೆಗೆ ಬೀಗ ಹಾಕಿದರು. ಕೆಲವು ತಿಂಗಳಾದ ಮೇಲೆ ಬಂದು ಅವರು ಹೇಳಿದ್ದು ದೇವರ ವಿಷಯವನ್ನಲ್ಲ. ಬೆಳಿಗ್ಗೆ ಎದ್ದರೆ ಆ ಅರ್ಧ ಗಂಟೆ ಎಲ್ಲಿ ಕೂರಬೇಕು, ಕೈಯಲ್ಲಿ ಏನು ಹಿಡಿಯಬೇಕು ತಿಳಿಯುತ್ತಿಲ್ಲ, ಆ ಹೊತ್ತಿಗೆ ಮಗ ಜಾಸ್ತಿ ನೆನಪಾಗುತ್ತಾನೆ ಅಂದರು. ದಿನದ ಒಂದು ಹೊತ್ತನ್ನು ಖಾಲಿ ಮಾಡಿದರೆ ದುಃಖ ಬಂದು ಅಲ್ಲೇ ಕೂರುತ್ತದೆ. ಅವರು ಆಮೇಲೆ ಪೂಜೆಗೆ ವಾಪಸ್ ಹೋಗಲಿಲ್ಲ, ಆ ಹೊತ್ತಿಗೆ ಗಿಡಗಳ ಕೆಲಸ ಹಿಡಿದರು. ಅದೂ ಸರಿಯೇ. ನೀವು ಬಿಡುವುದಾದರೆ ಆ ಹೊತ್ತಿಗೆ ಬೇರೆ ಏನು ಅಂತ ಮೊದಲು ನೋಡಿಕೊಳ್ಳಿ.

ಈಗ ಇರುವ ಹಾಗೇ ಮುಂದುವರಿಸಬಹುದು. ಇದರ ಅಪಾಯ ಬೇರೆ. ಒಳಗೊಂದು ಹೊರಗೊಂದು ಅನ್ನುವ ಗುಟ್ಟನ್ನು ಒಬ್ಬರೇ ಹೊತ್ತುಕೊಂಡರೆ ನಿಧಾನಕ್ಕೆ ಅತ್ತೆಯ ಮೇಲೆ ಸಿಟ್ಟು ಬೆಳೆಯುತ್ತದೆ. ಇವರಿಂದಾಗಿ ನಾನು ಇದನ್ನೆಲ್ಲಾ ಮಾಡಬೇಕಾಗಿದೆ ಅನ್ನಿಸತೊಡಗುತ್ತದೆ. ಆ ಮಾತು ಒಮ್ಮೆಯಾದರೂ ಮನಸ್ಸಿಗೆ ಬಂದಿದ್ದರೆ ಈ ದಾರಿ ನಿಮಗೆ ಬಹಳ ದಿನ ಒಗ್ಗುವುದಿಲ್ಲ.

ನಿಮಗೆ ಹೊಂದುವುದು ಇವೆರಡರ ನಡುವಿನದ್ದು ಅಂತ ನನ್ನ ಅಭಿಪ್ರಾಯ. ಪೂಜೆಯಲ್ಲಿ ಯಾವುದು ನಿಮಗೆ ಸುಳ್ಳು ಅನ್ನಿಸುತ್ತದೋ ಅದನ್ನು ಬಿಡಿ. ಬೇಡಿಕೊಳ್ಳುವುದು ಬಿಡಿ. ಹರಕೆ ಬಿಡಿ, ಉಪವಾಸ ಬಿಡಿ. ಕಾಪಾಡು ಅನ್ನುವ ಮಾತು ಬಾಯಿಗೆ ಬರದಿದ್ದರೆ ಬಲವಂತ ಮಾಡಬೇಡಿ. ಸುಮ್ನೆ ಕೂರಿ. ಬೇಕಿದ್ದರೆ ಆ ಹೊತ್ತಿನಲ್ಲಿ ನಿಮ್ಮ ಯಜಮಾನರನ್ನು ನೆನೆಯಿರಿ, ಸಿಟ್ಟು ಬಂದರೆ ಸಿಟ್ಟನ್ನೇ ಹೇಳಿ. ಹೀಗೆ ಮಾಡುತ್ತಾ ಹೋದರೆ ನಂಬಿಕೆ ವಾಪಸ್ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ. ಬಂದಾಗಲೂ ಮೊದಲಿನ ರೂಪದಲ್ಲಿ ಬರುವುದು ಅಪರೂಪ. ಅದಕ್ಕಾಗಿ ಕಾಯುತ್ತಾ ಕೂರಬೇಡಿ, ಕಾದರೆ ಅದೂ ಇನ್ನೊಂದು ಬೇಡಿಕೆಯೇ ಆಗುತ್ತದೆ.

ಮತ್ತೆ ಅತ್ತೆಯ ವಿಷಯ. ಅವರ ಅಂಗೈ ಹಿಡಿದು, ಲಿಂಗ ಇಟ್ಟು, ನೀರು ಹಾಕಿ ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ. ನಡುಗುವ ಅಂಗೈ ಕೆಳಗೆ ನಿಮ್ಮ ಕೈ ಇರುತ್ತದೆ. ಲಿಂಗ ಜಾರದ ಹಾಗೆ ನೀವು ನೋಡಿಕೊಳ್ಳುತ್ತೀರಿ. ಆ ಹೊತ್ತಿನಲ್ಲಿ ನಿಮಗೆ ಶಿವನಲ್ಲಿ ನಂಬಿಕೆ ಇದೆಯೋ ಇಲ್ಲವೋ, ಆ ಮುದುಕಿಯ ಪೂಜೆಯಂತೂ ನಡೆಯುತ್ತದೆ. ಇದಕ್ಕೆ ಬೆಲೆ ಇದೆಯಾ ಅಂತ ಕೇಳುತ್ತೀರಾ? ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದೇ. ಅಕ್ಕ ಇದನ್ನು ನೋಡಿದ್ದರೆ ಹೊಳೆ, ಹುಣಸೆಹಣ್ಣಿನ ಮಾತು ಆಡುತ್ತಿರಲಿಲ್ಲ. ಮಗಳು ನೋಡಿದ್ದರೆ ಬೂಟಾಟಿಕೆ ಅನ್ನುತ್ತಿರಲಿಲ್ಲ. ನಿಮ್ಮ ಸ್ವಂತ ಪೂಜೆ ಬಿಟ್ಟರೂ ಇದನ್ನು ಬಿಡಬೇಡಿ ಅನ್ನುವುದು ನನ್ನ ಕೋರಿಕೆ.

ಇನ್ನೊಂದು ಮಾತು ನೆನಪಿಡಿ. ನೀವು ಗಂಡನನ್ನು ಕಳೆದುಕೊಂಡ ದಿನವೇ ಅವರು ಮಗನನ್ನು ಕಳೆದುಕೊಂಡರು. ಅವರ ನಂಬಿಕೆ ಹಾಗೇ ಇದೆ ಅಂತ ನೀವು ಅಂದುಕೊಂಡಿದ್ದೀರಿ. ಕೇಳಿದ್ದೀರಾ? ಅತ್ತೆಗೋಸ್ಕರ ಸೊಸೆ, ಸೊಸೆಗೋಸ್ಕರ ಅತ್ತೆ ಪೂಜೆಗೆ ಕೂರುವ ಮನೆಗಳು ಇವೆ. ಮಗಳು ಇಲ್ಲದ ದಿನ, ಪೂಜೆ ಮುಗಿದ ಮೇಲೆ, 'ನನಗೆ ಈಗೀಗ ಮನಸ್ಸು ನಿಲ್ಲಲ್ಲ ಅತ್ತೆ' ಅಂತ ಅಷ್ಟೇ ಹೇಳಿ ನೋಡಿ. ನಂಬಿಕೆ ಹೋಗಿದೆ ಅಂತ ದೊಡ್ಡ ಮಾತು ಬೇಡ. 79ರ ವಯಸ್ಸಿನವರ ಮೇಲೆ ಪೂರ್ತಿ ಭಾರ ಹಾಕುವ ಅಗತ್ಯವೂ ಇಲ್ಲ. ಅವರು ಮಾತು ಮುಂದುವರಿಸಿದರೆ ನೀವೂ ಮುಂದುವರಿಸಿ. ಇಲ್ಲದಿದ್ದರೆ ಬಿಡಿ. ಅಪಾಯ ಇಲ್ಲ ಅನ್ನುವುದಿಲ್ಲ. ಅವರಿಗೆ ನೋವಾಗಬಹುದು, ಸಂಬಂಧಿಕರಿಗೆ ಹೇಳಿಬಿಡಬಹುದು. ಅವರ ಸ್ವಭಾವ ನಿಮಗೆ ಗೊತ್ತು, ತೂಗಿ ನೋಡಿ.

ಭಾನುವಾರದ ಊಟದ ಬಗ್ಗೆ ಎಚ್ಚರಿಕೆಯ ಒಂದು ಮಾತು. ಪೂಜೆಯಲ್ಲಿ ಕಳೆದದ್ದನ್ನು ಸೇವೆಯಲ್ಲಿ ತುಂಬಿಕೊಳ್ಳಬೇಕು ಅಂತ ಕೆಲವರು ಕೆಲಸ ಹೆಚ್ಚಿಸುತ್ತಾ ಹೋಗುತ್ತಾರೆ. ಭಾನುವಾರದ್ದು ಬುಧವಾರಕ್ಕೂ ಬರುತ್ತದೆ, ಆಮೇಲೆ ಬೆನ್ನುನೋವು, ಆಮೇಲೆ ಜೊತೆಯವರು ಕೈ ಹಾಕುತ್ತಿಲ್ಲ ಅನ್ನುವ ಬೇಸರ. ಬಸವಣ್ಣನ ಮಾತು ಇಲ್ಲಿ ನಿಜವಾಗಿ ಬೇಕಾಗುತ್ತದೆ. 'ಮಾಡಿದೆನೆಂಬುದು ಮನದಲ್ಲಿ ಹೊಳೆದರೆ ಏಡಿಸಿ ಕಾಡಿತ್ತು ಶಿವನ ಡಂಗುರ.' ನಾನು ಮಾಡಿದೆ ಅನ್ನುವುದು ತಲೆಗೆ ಬಂದರೆ ಅದೇ ನಮ್ಮನ್ನು ಕಾಡುತ್ತದೆ. ನಂಬಿಕೆ ಇರುವವರಿಗೂ ಇದು ತಪ್ಪಿದ್ದಲ್ಲ. ನೀವು ಎಷ್ಟು ಮಾಡುತ್ತಿದ್ದೀರೋ ಅಷ್ಟೇ ಮಾಡಿ. ಆಸ್ಪತ್ರೆ ಬಾಗಿಲಲ್ಲಿ ಒಬ್ಬರೇ ಕಾಯುತ್ತಾ ಕೂರುವುದು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಆ ಊಟ ಎಲ್ಲಿಂದ ಹುಟ್ಟಿದೆ ಅಂತ ನನಗೆ ಅರ್ಥವಾಗುತ್ತದೆ, ಅದಕ್ಕೆ ಬೇರೆ ಯಾವ ಸಮರ್ಥನೆಯೂ ಬೇಡ.

ಕೊನೆಯದಾಗಿ, ಇದನ್ನು ಬರೀ ಧರ್ಮದ ಪ್ರಶ್ನೆ ಅಂತ ನೋಡಬೇಡಿ. ಒಳಗೆ ಏನೂ ಇಲ್ಲ ಅಂತ ಬರೆದಿದ್ದೀರಿ. ದೇವರ ವಿಷಯದಲ್ಲಿ ಮಾತ್ರ ಹಾಗಾ, ಇಲ್ಲಾ ಮಗಳ ಫೋನು ಬಂದಾಗಲೂ, ಶಾಲೆಯ ಮಕ್ಕಳು ನಕ್ಕಾಗಲೂ, ಇಷ್ಟದ ಊಟ ಮುಂದಿದ್ದಾಗಲೂ ಹಾಗೇನಾ? ಎಲ್ಲದರಲ್ಲೂ ಹಾಗಿದ್ದರೆ ಅದು ನಂಬಿಕೆ ಹೋದದ್ದಲ್ಲ, ಖಿನ್ನತೆ ಇರಬಹುದು. ವರ್ಷಗಳಾದರೂ ಸಾವಿನ ದಿನದಲ್ಲೇ ಮನಸ್ಸು ಸಿಕ್ಕಿಹಾಕಿಕೊಂಡಿದ್ದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಚಿಕಿತ್ಸೆ ಬೇಕಾದ ತೊಂದರೆ ಅಂತಲೇ ಪಟ್ಟಿ ಮಾಡಿದೆ. ಎರಡಕ್ಕೂ ಒಳ್ಳೆಯ ಚಿಕಿತ್ಸೆ ಇದೆ. ನಿದ್ದೆ ಬರದಿರುವುದು, ಊಟ ಸೇರದಿರುವುದು, ನನ್ನಿಂದಲೇ ಅವರು ಹೋದರು ಅನ್ನಿಸುವುದು, ಬದುಕು ಸಾಕು ಅನ್ನಿಸುವುದು, ಇವುಗಳಲ್ಲಿ ಯಾವುದಿದ್ದರೂ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ ಬನ್ನಿ. ಬದುಕು ಸಾಕು ಅನ್ನುವ ಯೋಚನೆ ಬಂದರೆ ಒಂದು ದಿನವೂ ತಡ ಮಾಡಬೇಡಿ. ಹೋಗುವ ಮೊದಲು ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾ ಹೊತ್ತಿಗೆ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.